ಲಕೋಟೆಗೆ ಕತ್ತರಿ ಹಾಕುವ ಮುನ್ನ

‘ಓಲ್ಡ್ ಇಂಡಿಯಾ ಸ್ಟಾಂಪ್ಸ್, ವೆರಿ ರೇರ್, ಸೀರಿಯಸ್ ಬಯರ್ಸ್ ಓನ್ಲಿ.’ ಹಳೆಯ ಅಂಚೆ ಚೀಟಿ ಮಾರುವ ಜಾಲತಾಣಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಇಂಥ ಜಾಹೀರಾತು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಕೆಳಗೊಂದು ಮಸುಕು ಫೋಟೊ: ಹೂವಿನ ಬೆಡ್‌ಶೀಟಿನ ಮೇಲೆ ಮೂವತ್ತು ನಲವತ್ತು ಚೀಟಿ ಹರಡಿದೆ, ಅದರ ಮೇಲೆ ಫೋನು ಹಿಡಿದವರ ಕೈಯ ನೆರಳು. ಬೆಲೆ ಐವತ್ತು ಸಾವಿರ. ಆ ರಾಶಿಯಲ್ಲಿ ನಿಜಕ್ಕೂ ಒಂದು ಒಳ್ಳೆಯ ಚೀಟಿ ಇದ್ದರೂ ಅದು ಯಾರಿಗೂ ಕಾಣುವುದಿಲ್ಲ. ಬಲ್ಲವನು ನೋಡಿ ನಕ್ಕು ಮುಂದೆ ಹೋಗುತ್ತಾನೆ. ಅರಿಯದವನು ಕೊಂಡು ಕೈ ಸುಟ್ಟುಕೊಳ್ಳುತ್ತಾನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಇದರ ತಪ್ಪನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿಯನ್ನು ಸುಲಿದು, ಚಿಪ್ಪು ಬಿಡಿಸಿ, ಗಾತ್ರ ನೋಡಿ ಬೇರೆ ಮಾಡಿ, ಕೌಟು ಹೋದದ್ದನ್ನೂ ಹೋಳಾದದ್ದನ್ನೂ ಪಕ್ಕಕ್ಕೆ ತೆಗೆದು ಆಮೇಲೆ ಚೀಲ ತುಂಬುತ್ತಾರೆ. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದರೆ ಒಳ್ಳೆಯ ಕೊಬ್ಬರಿಗೂ ಕೆಟ್ಟದರ ಧಾರಣೆಯೇ ಸಿಗುತ್ತದೆ. ಆದರೆ ಮಾರುಕಟ್ಟೆಯ ಅಂಗಳದಲ್ಲಿ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಗಿಟುಕು ಎತ್ತಿ ನೋಡಬಹುದು. ಸ್ಟಾಂಪು ಕೊಳ್ಳುವವನು ಲೂಧಿಯಾನದಲ್ಲೋ ಲಂಡನ್ನಿನಲ್ಲೋ ಇರುತ್ತಾನೆ. ಅವನಿಗೆ ಸಿಗುವುದು ನಾವು ಬರೆದ ನಾಲ್ಕು ಸಾಲು, ಹಾಕಿದ ಎರಡು ಚಿತ್ರ, ಅಷ್ಟೆ. ಅವನು ಹಣ ಕೊಡುವುದು ಆ ನಾಲ್ಕು ಸಾಲಿನ ಮೇಲೆ ನಂಬಿಕೆಯಿಟ್ಟು.

ಮೊದಲು, ನಮ್ಮ ಕಡೆಯ ಮನೆಗಳಲ್ಲಿ ಏನಿರುತ್ತದೆ ಎಂಬುದನ್ನು ನೋಡೋಣ. ಆಲ್ಬಮ್ಮಿನಲ್ಲಿ ಜೋಡಿಸಿದ ಹೊಸ ಚೀಟಿಗಳು ಸಿಕ್ಕರೆ ಸಂತೋಷ, ಆದರೆ ಅವು ಎಲ್ಲ ಕಡೆಯೂ ಸಿಗುತ್ತವೆ. ಇಲ್ಲಿನ ವಿಶೇಷವೆಂದರೆ ಮಂಡಿ ಮನೆಗಳ ಹಳೆಯ ಟಪಾಲು. ಈ ಸೀಮೆಯ ಉಂಡೆ ಕೊಬ್ಬರಿಗೆ ಗಿರಾಕಿಗಳು ಬಹುಪಾಲು ಉತ್ತರ ಭಾರತದವರು. ಮನೆ ಮನೆಗೆ ಫೋನು ಬರುವ ಮುಂಚೆ ಧಾರಣೆ ಕೇಳುವುದು, ಮಾಲು ಕಳಿಸಿದ ಲೆಕ್ಕ, ಬಾಕಿಯ ತಗಾದೆ ಎಲ್ಲವೂ ಕಾರ್ಡು, ಇನ್‌ಲ್ಯಾಂಡು, ಲಕೋಟೆಗಳಲ್ಲೇ ನಡೆಯುತ್ತಿತ್ತು. ತಗಡಿನ ಪೆಟ್ಟಿಗೆಯಲ್ಲಿ, ತಂತಿಗೆ ಚುಚ್ಚಿದ ಕಂತೆಯಲ್ಲಿ ಅವು ಇನ್ನೂ ಉಳಿದಿರುವ ಮನೆಗಳಿವೆ. ಕಂತೆ ಸಿಕ್ಕಿದ ಕೂಡಲೇ ಉತ್ಸಾಹಿಗಳು ಮಾಡುವ ಮೊದಲ ಕೆಲಸ ಕತ್ತರಿ ಹುಡುಕುವುದು. ಚೀಟಿಯ ಸುತ್ತ ಚೌಕಾಕಾರ ಕತ್ತರಿಸಿ, ನೀರಿನಲ್ಲಿ ನೆನೆಹಾಕಿ, ಬಿಡಿಸಿ ಒಣಗಿಸಿ, ಉಳಿದ ಕಾಗದವನ್ನು ನೀರೊಲೆಗೆ ಹಾಕುತ್ತಾರೆ.

ಒಲೆಗೆ ಹೋದದ್ದೇ ಹೆಚ್ಚು ಬೆಲೆಯದು. 1949ರ ಪುರಾತತ್ವ ಮಾಲಿಕೆಯಲ್ಲಿ ವಿಜಯಪುರದ ಗೋಳಗುಮ್ಮಟದ ಚಿತ್ರವಿರುವ 6 ಆಣೆಯ ಚೀಟಿಯೊಂದಿದೆ. ಬಳಸಿದ, ಬಿಡಿಸಿದ ಪ್ರತಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಅದೇ ಚೀಟಿ ದಂಡಿನಶಿವರದಂಥ ಹೋಬಳಿ ಊರಿನ ಠಸ್ಸೆ ಸ್ಪಷ್ಟವಾಗಿ ಬಿದ್ದ ಪೂರ್ತಿ ಲಕೋಟೆಯ ಮೇಲಿದ್ದರೆ ಮಾತು ಬೇರೆ. ಎಲ್ಲಿಂದ ಹೊರಟಿತು, ಯಾವ ದಿನ, ಎಷ್ಟು ದರಕ್ಕೆ, ದಾರಿಯಲ್ಲಿ ಯಾವ ಊರು ಮುಟ್ಟಿ ಎಲ್ಲಿ ಇಳಿಯಿತು ಎಂಬುದೆಲ್ಲ ಅದರ ಮುಂದೆ ಹಿಂದೆ ಅಚ್ಚಾಗಿರುತ್ತದೆ. ಅಂಚೆ ಇತಿಹಾಸ ಸಂಗ್ರಹಿಸುವವರು ಹುಡುಕುವುದು ಇದನ್ನೇ. ಪುಟ್ಟ ಊರಿನ ಠಸ್ಸೆ ಬೀಳುತ್ತಿದ್ದ ಕಾಗದಗಳೇ ಕಡಿಮೆ. ಉಳಿದವು ಇನ್ನೂ ಕಡಿಮೆ.

ಜೋಡಿಸುವ ಕೆಲಸಕ್ಕೆ ಕ್ಯಾಟಲಾಗಿಗಿಂತ ಮೊದಲು ನಾಣ್ಯದ ಲೆಕ್ಕ ನೆರವಾಗುತ್ತದೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ಅದಕ್ಕೆ ಹಿಂದಿನ ಚೀಟಿಗಳೆಲ್ಲ ಆಣೆ, ಕಾಸಿನವು. ಆಮೇಲೆ 1964ರವರೆಗೆ ನಯಾಪೈಸೆ, ಅಲ್ಲಿಂದಾಚೆಗೆ ‘ನಯಾ’ ಬಿಟ್ಟು ಬರೀ ಪೈಸೆ. ಹೀಗೆ ಮೂರು ಗುಡ್ಡೆ ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಲಕೋಟೆಗಳಾದರೆ ವಿಳಾಸವೇ ವಯಸ್ಸು ಹೇಳುತ್ತದೆ. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು, ಆದ್ದರಿಂದ ತಿಪಟೂರಿನ ಮುಂದೆ 572201 ಅಂತಲೋ ತುರುವೇಕೆರೆಯ ಮುಂದೆ 572227 ಅಂತಲೋ ಬರೆದಿದ್ದರೆ ಅದು ಆಮೇಲಿನದು. ‘ಮೈಸೂರು ಸ್ಟೇಟ್’ ಎಂದು ಅಚ್ಚಾದ ಲೆಟರ್‌ಹೆಡ್ಡುಗಳು 1973ರ ನವೆಂಬರ್ 1ರ ಹಿಂದಿನವು, ಜಿಪುಣ ಮಂಡಿಯವರು ಹಳೆಯ ಕಾಗದ ಮುಗಿಯುವವರೆಗೂ ಬಳಸಿರಬಹುದು ಎಂಬ ಅನುಮಾನ ಇಟ್ಟುಕೊಂಡೇ. ಠಸ್ಸೆಯ ತಾರೀಖು ಓದಲು ಬಂದರೆ ಅದೇ ಕೊನೆಯ ಮಾತು.

ಬ್ರಿಟಿಷರ ಕಾಲದ ಚೀಟಿಗಳಲ್ಲಿ ಒಂದು ತೊಡಕಿದೆ. ಐದನೆಯ ಜಾರ್ಜ್ ದೊರೆಯ ಎರಡು ಚೀಟಿ ಮುಂಭಾಗದಿಂದ ನೋಡಿದರೆ ಅವಳಿ, ಬೆಳಕಿಗೆ ಹಿಡಿದರೆ ಬೇರೆ. ಒಂದರ ಕಾಗದದೊಳಗೆ ಒಂಟಿ ನಕ್ಷತ್ರದ ನೀರುಗುರುತು, ಇನ್ನೊಂದರಲ್ಲಿ ತುಂಬ ನಕ್ಷತ್ರಗಳು. ಮೊದಲನೆಯದು ಲಂಡನ್ನಿನ ಡಿ ಲಾ ರೂ ಕಂಪನಿಯಲ್ಲಿ ಅಚ್ಚಾದದ್ದು. ಎರಡನೆಯದು 1926ರಲ್ಲಿ ಅಚ್ಚಿನ ಕೆಲಸ ನಾಸಿಕಕ್ಕೆ ಬಂದ ಮೇಲಿನದು. ಕ್ಯಾಟಲಾಗಿನಲ್ಲಿ ಇವಕ್ಕೆ ಬೇರೆ ಬೇರೆ ನಂಬರು, ಬೇರೆ ಬೇರೆ ಬೆಲೆ. ಸ್ವಾತಂತ್ರ್ಯಾನಂತರವೂ ಇಂಥ ಸೂಕ್ಷ್ಮಗಳಿವೆ. ಅದೇ 1949ರ ಪುರಾತತ್ವ ಮಾಲಿಕೆಯ 1 ಆಣೆಯ ಬೋಧಿಸತ್ವನ ಚಿತ್ರ ಅಚ್ಚಿನಲ್ಲಿ ಎಡಬಲ ತಿರುಗಿಹೋಯಿತು. ಮೂರ್ತಿಯ ಬಲಗೈ ಎಡಗೈಯಾಗಿ ಚಾಚಿಕೊಂಡಿತು. 1950ರಲ್ಲಿ ತಿದ್ದಿ ಮತ್ತೆ ಅಚ್ಚು ಹಾಕಿದರು. ಮಾರುವಾಗ ‘1 ಆಣೆ ಬೋಧಿಸತ್ವ’ ಎಂದಷ್ಟೇ ಬರೆದರೆ ಎರಡರಲ್ಲಿ ಯಾವುದು ಎಂದು ಕೊಳ್ಳುವವನು ಕೇಳಲೇಬೇಕು. ಕೇಳುವ ವ್ಯವಧಾನ ಇಲ್ಲದವನು ಪಕ್ಕದ ಅಂಗಡಿಗೆ ಹೋಗುತ್ತಾನೆ.

ವಿವರಣೆಯ ಮಹತ್ವಕ್ಕೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಕೊಡುವುದಾದರೆ ನಾನು 1971ನ್ನು ಆರಿಸಿಕೊಳ್ಳುತ್ತೇನೆ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಪರಿಹಾರಕ್ಕೆಂದು ಆ ವರ್ಷ ನವೆಂಬರ್ 15ರಿಂದ ಟಪಾಲಿನ ಮೇಲೆ 5 ಪೈಸೆಯ ಹೆಚ್ಚುವರಿ ಚೀಟಿ ಹಚ್ಚಬೇಕೆಂದು ಸರ್ಕಾರ ವಿಧಿಸಿತು. ಅದಕ್ಕೆಂದೇ ವಿನ್ಯಾಸ ಮಾಡಿದ ಚೀಟಿ ಡಿಸೆಂಬರ್ 1ಕ್ಕೆ ಬಂತು. ಅಲ್ಲಿಯವರೆಗೆ ಚಾಲ್ತಿಯಲ್ಲಿದ್ದ 5 ಪೈಸೆಯ ಕುಟುಂಬ ಯೋಜನೆ ಚೀಟಿಯ ಮೇಲೆಯೇ ‘ರೆಫ್ಯೂಜಿ ರಿಲೀಫ್’ ಎಂದು ಮೇಲಚ್ಚು ಒತ್ತಿದರು. ನಾಸಿಕದ ಮೇಲಚ್ಚು ಎಲ್ಲ ಕಡೆಗೂ ಸಾಲದೆ ಬೆಂಗಳೂರು, ಜೈಪುರ, ನವದೆಹಲಿ, ಗೋವಾ ಮುಂತಾದ ಕಡೆ ಸ್ಥಳೀಯವಾಗಿಯೇ ಒತ್ತಿದ್ದುಂಟು. ಸ್ಟ್ಯಾನ್ಲಿ ಗಿಬನ್ಸ್ ಕ್ಯಾಟಲಾಗು ಬೆಂಗಳೂರಿನ ಮೇಲಚ್ಚನ್ನು ಪ್ರತ್ಯೇಕ ನಂಬರು ಕೊಟ್ಟು ಪಟ್ಟಿ ಮಾಡುತ್ತದೆ.

ಇಲ್ಲಿಯೇ ಮಾರುವವನ ಪರೀಕ್ಷೆ. 5 ಪೈಸೆಯ ಚೀಟಿಯೂ ಸುಲಭ, ರಬ್ಬರ್ ಮುದ್ರೆ ಮಾಡಿಸುವುದೂ ಸುಲಭ. ಹಾಗಾಗಿ ಬಿಡಿ ಚೀಟಿಯ ಮೇಲಿನ ಸ್ಥಳೀಯ ಮೇಲಚ್ಚನ್ನು ಬಲ್ಲವರು ನಂಬುವುದಿಲ್ಲ. ಆದರೆ ಬೆಂಗಳೂರಿನಿಂದ ತಿಪಟೂರಿಗೆ ಬಂದ ಲಕೋಟೆಯ ಮೇಲೆ ಆ ಚೀಟಿ ಕೂತಿದ್ದು, ಅದರ ಮೇಲೂ ಕಾಗದದ ಮೇಲೂ ಹಾಯ್ದು ಹೋದ ಠಸ್ಸೆಯಲ್ಲಿ 1971ರ ನವೆಂಬರ್ ತಾರೀಖು ಇದ್ದರೆ ಆ ಠಸ್ಸೆಯೇ ಸಾಕ್ಷಿ ನುಡಿಯುತ್ತದೆ. ಕತ್ತರಿ ಹಾಕಿ ಬಿಡಿಸಿದವನು ಸಾಕ್ಷಿಯನ್ನು ಕೊಂದು ಚೀಟಿಯನ್ನು ಉಳಿಸಿಕೊಂಡ. ಇಂಥ ಲಕೋಟೆಯನ್ನು ಬಣ್ಣಿಸುವಾಗ ‘ಅಪರೂಪ’ ಎಂಬ ಮಾತೇ ಬೇಡ. ಮೇಲಚ್ಚು ಯಾವ ಬಣ್ಣದ ಮಸಿ, ಎಷ್ಟು ಮಿಲಿಮೀಟರ್ ಅಗಲ, ಠಸ್ಸೆ ಯಾವ ಊರಿನದು, ತಾರೀಖು ಏನು, ಹಿಂದೆ ತಲುಪಿದ ಠಸ್ಸೆ ಇದೆಯೇ? ಇಷ್ಟು ಬರೆದರೆ ಅಪರೂಪವೋ ಅಲ್ಲವೋ ಕೊಳ್ಳುವವನೇ ತೀರ್ಮಾನಿಸುತ್ತಾನೆ.

ಇನ್ನೊಂದು ಗೊಂದಲ ‘ಮೈಸೂರು ಸಂಸ್ಥಾನದ ಸ್ಟಾಂಪು’ ಎಂಬ ಹೆಸರಿನಲ್ಲಿ ಬರುವ ಮಾಲಿನದು. ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಹೈದರಾಬಾದ್ ನಿಜಾಮರು 1869ರಿಂದಲೇ ಸ್ವಂತ ಅಂಚೆ ಚೀಟಿ ಹೊರತಂದರು. ಕಲಬುರಗಿ, ರಾಯಚೂರು, ಬೀದರ ಕಡೆಯ ಹಳೆಯ ಮನೆಗಳಲ್ಲಿ ಅವು ಸಿಗುತ್ತವೆ. ತಿರುವಾಂಕೂರು, ಕೊಚ್ಚಿಗಳೂ ಹೊರತಂದವು. ಅಂಚೆ ವ್ಯವಸ್ಥೆಯಲ್ಲಿ ಇಷ್ಟು ಹಳಬರಾದ ಮೈಸೂರಿನವರು ಮಾತ್ರ ಟಪಾಲಿಗೆ ಹಚ್ಚುವ ಚೀಟಿಯನ್ನು ಹೊರತರಲೇ ಇಲ್ಲ. ಹಾಗಾದರೆ ಅಟ್ಟದಲ್ಲಿ ಸಿಗುವ ಗಂಡಭೇರುಂಡದ ಚೀಟಿಗಳು ಯಾವುವು? ಅವು ಕೋರ್ಟ್ ಫೀ ಚೀಟಿ, ರೆವಿನ್ಯೂ ಚೀಟಿ, ಛಾಪಾ ಕಾಗದಗಳು. ಅವಕ್ಕೂ ಸಂಗ್ರಾಹಕರಿದ್ದಾರೆ, ಕೆಲವಕ್ಕೆ ಒಳ್ಳೆಯ ಬೆಲೆಯೂ ಇದೆ. ಆದರೆ ಅವನ್ನು ಅಂಚೆ ಚೀಟಿ ಎಂದು ಬರೆದು ಮಾರಿದರೆ, ಗೊತ್ತಿಲ್ಲದೆ ಬರೆದಿದ್ದರೂ, ಅದು ಸುಳ್ಳು ಮಾಲೇ. ಸರಿಯಾದ ಹೆಸರು ಬರೆದರೆ ಸರಿಯಾದ ಗಿರಾಕಿ ತಾನಾಗಿ ಸಿಗುತ್ತಾನೆ. ರೆವಿನ್ಯೂ ಚೀಟಿ ಹುಡುಕುವವನು ಅಂಚೆ ಚೀಟಿಯ ವಿಭಾಗಕ್ಕೆ ಬರುವುದೇ ಇಲ್ಲ.

ಸರಿ, ಬರೆಯುವುದು ಹೇಗೆ? ಕಲ್ಪಿತ ಮಾದರಿಯೊಂದನ್ನು ಕೊಡುತ್ತೇನೆ: ‘ಭಾರತ, 1949, ಪುರಾತತ್ವ ಮಾಲಿಕೆ, 6 ಆಣೆ, ಗೋಳಗುಮ್ಮಟ. ಬಳಸಿದ್ದು. ತಿಪಟೂರಿನ ಠಸ್ಸೆ, ಊರ ಹೆಸರು ಪೂರ್ತಿ, ತಾರೀಖು ಅರ್ಧ ಮಾತ್ರ ಓದಬಹುದು. ಬಲ ಕೆಳಮೂಲೆಯಲ್ಲಿ ಒಂದು ಹಲ್ಲು ಗಿಡ್ಡ. ಹಿಂದೆ ಹಿಂಜ್ (ಆಲ್ಬಮ್ಮಿಗೆ ಕೂಡಿಸುವ ಕಾಗದದ ತುಣುಕು) ಅಂಟಿಸಿದ ಗುರುತು. ಹರಿದಿಲ್ಲ, ಕಾಗದ ಎಲ್ಲೂ ತೆಳುವಾಗಿಲ್ಲ. ಎರಡೂ ಬದಿಯ ಚಿತ್ರ ಕೆಳಗಿದೆ.’ ಇದರಲ್ಲಿ ಒಂದೂ ಹೊಗಳಿಕೆಯಿಲ್ಲ. ದೋಷವನ್ನು ಮುಚ್ಚಿಲ್ಲ. ಆದರೂ ಇದನ್ನು ಓದಿದವನಿಗೆ ಕೇಳಲು ಪ್ರಶ್ನೆ ಉಳಿಯುವುದಿಲ್ಲ. ದೋಷ ಹೇಳಿದರೆ ಬೆಲೆ ಬೀಳುತ್ತದೆಂಬ ಭಯ ಅನೇಕರಿಗೆ. ನಿಜ, ಒಂದಿಷ್ಟು ಬೀಳುತ್ತದೆ. ಹೇಳದೆ ಕಳಿಸಿದರೆ ಮಾಲು ವಾಪಸು ಬರುತ್ತದೆ, ಹೆಸರು ಹೋಗುತ್ತದೆ, ಎರಡು ಸಲದ ಅಂಚೆ ಖರ್ಚು ತಲೆಯ ಮೇಲೆ.

ಬಳಸದ ಚೀಟಿಗಳಲ್ಲಿ ಗಿರಾಕಿ ಮೊದಲು ಕೇಳುವುದು ಹಿಂಬದಿಯ ಅಂಟಿನ ಬಗ್ಗೆ. ಅಂಟು ಪೂರ್ತಿಯಿದ್ದು ಎಂದೂ ಹಿಂಜ್ ಹಚ್ಚದಿದ್ದರೆ ಒಂದು ಬೆಲೆ, ಹಿಂಜ್ ಗುರುತಿದ್ದರೆ ಇನ್ನೊಂದು, ಅಂಟೇ ಹೋಗಿದ್ದರೆ ಮತ್ತೊಂದು. ಮಳೆಗಾಲದ ತೇವಕ್ಕೆ ಅಂಟಿನ ಮೇಲೆ ಏಳುವ ಕಂದು ಚುಕ್ಕೆಗಳನ್ನಂತೂ ಹೇಳಲೇಬೇಕು. ಅದು ಪಕ್ಕದ ಚೀಟಿಗೂ ಹಬ್ಬುತ್ತದೆಂದು ಸಂಗ್ರಾಹಕರಿಗೆ ಹೆದರಿಕೆ. ಹಲ್ಲುಗಳ ಲೆಕ್ಕ ಬರೆಯುವುದಾದರೆ 2 ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಎಂಬುದು ವಾಡಿಕೆಯ ಅಳತೆ. ಅದಕ್ಕೆಂದೇ ಅಗ್ಗದ ಅಳತೆಪಟ್ಟಿ ಸಿಗುತ್ತದೆ. ನೀರುಗುರುತು, ಹಲ್ಲು ನೋಡಿಲ್ಲದಿದ್ದರೆ ‘ನೋಡಿಲ್ಲ’ ಎಂದೇ ಬರೆಯಿರಿ. ಅದೂ ಒಂದು ಪ್ರಾಮಾಣಿಕ ವಿವರವೇ.

ಚಿತ್ರದ ವಿಷಯ ಹೆಚ್ಚು ಹೇಳುವುದಿಲ್ಲ. ಫೋನಿಗಿಂತ ಸ್ಕ್ಯಾನರ್ ಮೇಲು. ಕೆಳಗೆ ಕಪ್ಪು ರಟ್ಟು ಇಟ್ಟರೆ ಹಲ್ಲುಗಳು ಎಣಿಸುವಂತೆ ಕಾಣುತ್ತವೆ. ಬಣ್ಣ ಏರಿಸುವ ಫಿಲ್ಟರ್ ಹಾಕಿದರೆ ಅದು ಮೋಸವೇ, ಏಕೆಂದರೆ ಕೆಲವು ಚೀಟಿಗಳ ಬೆಲೆ ಬಣ್ಣದ ಛಾಯೆಯ ಮೇಲೇ ನಿಂತಿರುತ್ತದೆ. ಚೀಟಿ ಇಟ್ಟ ಗ್ಲಾಸೀನ್ ಲಕೋಟೆಯ ಮೇಲೆ ಸೀಸದಕಡ್ಡಿಯಲ್ಲಿ ಒಂದು ನಂಬರು, ಕಂಪ್ಯೂಟರಿನಲ್ಲಿ ಚಿತ್ರದ ಕಡತಕ್ಕೂ ಅದೇ ನಂಬರು. ಇಷ್ಟು ಶಿಸ್ತಿಲ್ಲದಿದ್ದರೆ ನೂರನೆಯ ಚೀಟಿಗೆ ಬರುವ ಹೊತ್ತಿಗೆ ಯಾವುದರ ವಿವರ ಯಾವುದಕ್ಕೆ ಅಂಟಿತೋ ಗೊತ್ತಾಗದು.

ಸಾಮಾನ್ಯ ಚೀಟಿಗಳು ರಾಶಿಯಲ್ಲೇ ಉಳಿದಿವೆಯಲ್ಲ, ಅವನ್ನು ಬಿಡಿಬಿಡಿಯಾಗಿ ಮಾರುವುದು ದಂಡ. ವಿಷಯ ಹಿಡಿದು ಪೋಣಿಸಿ. ಕನ್ನಡ ನಾಡಿನ ಗೊಂಚಲೊಂದನ್ನು ನೋಡಿ: ವಿಶ್ವೇಶ್ವರಯ್ಯನವರ 1960ರ ಚೀಟಿ, ಅವರು ಬದುಕಿದ್ದಾಗಲೇ ನೂರು ತುಂಬಿದ ದಿನ ಬಂದದ್ದು. 1964ರ ಪುರಂದರದಾಸರು, 1967ರ ಬಸವಣ್ಣ, 1974ರ ಟಿಪ್ಪು, 1977ರ ಕಿತ್ತೂರು ಚೆನ್ನಮ್ಮ, 1988ರ ಡಿವಿಜಿ. ಒಂದೊಂದಕ್ಕೆ ಬೆಲೆ ಅಲ್ಪ, ಒಟ್ಟಾಗಿ ಒಂದು ಪುಟವಾದರೆ ಊರಿನಿಂದ ದೂರ ಇರುವ ಕನ್ನಡಿಗನೊಬ್ಬ ಕೊಂಡಾನು. 2006ರ ಡಿಸೆಂಬರಿನಲ್ಲಿ ಬಂದ 15 ರೂಪಾಯಿಯ ಶ್ರೀಗಂಧದ ಪರಿಮಳದ ಚೀಟಿಯನ್ನೂ ಸೇರಿಸಬಹುದು, ಭಾರತದ ಮೊದಲ ಪರಿಮಳದ ಚೀಟಿ ಅದು. ಪರಿಮಳ ಉಳಿದಿದೆಯೇ ಎಂದು ವಿವರದಲ್ಲಿ ಬರೆಯುವುದು ಹೇಗೆ ಎಂಬ ಸಮಸ್ಯೆಗೆ ನನ್ನಲ್ಲಿ ಉತ್ತರವಿಲ್ಲ. ತೆಂಗಿನ ಸೀಮೆಯವರು ತೆಂಗನ್ನೇ ವಿಷಯ ಮಾಡಿಕೊಂಡರೆ ಇನ್ನೂ ಚೆನ್ನ. ಕಾಸರಗೋಡಿನಲ್ಲಿ 1916ರಲ್ಲಿ ಶುರುವಾದ ತೆಂಗು ಸಂಶೋಧನೆಯ ವಜ್ರಮಹೋತ್ಸವಕ್ಕೆ 1976ರಲ್ಲಿ 25 ಪೈಸೆಯ ಚೀಟಿ ಬಂದಿದೆ. ಮಾಲ್ಡೀವ್ಸ್ ದೇಶ 1950ರಲ್ಲೇ ತೆಂಗಿನ ಮರ, ಹಾಯಿದೋಣಿಯ ಚೀಟಿಗಳನ್ನು ತಂದಿತ್ತು. ತೆಂಗು ಬೆಳೆಯುವ ಮಿಕ್ಕ ದೇಶಗಳ ಚೀಟಿಗಳನ್ನೂ ಕೂಡಿಸುತ್ತಾ ಹೋಗಬಹುದು.

ಬೆಲೆಯ ಮಾತು. ಕ್ಯಾಟಲಾಗಿನ ಅಂಕಿ ಮಾರುಕಟ್ಟೆಯ ಧಾರಣೆಯಲ್ಲ. ಚೊಕ್ಕ ಪ್ರತಿಗೆ ದೊಡ್ಡ ವ್ಯಾಪಾರಿ ಕೇಳುವ ಬೆಲೆ ಅದು. ಇತರರು ಕೇಳುತ್ತಿರುವ ಬೆಲೆಯನ್ನೂ ನಂಬಬೇಡಿ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ಹುಡುಕಿ. 1947ರ ನವೆಂಬರ್ 21ರಂದು ಬಂದ ‘ಜೈ ಹಿಂದ್’ ಧ್ವಜದ 3½ ಆಣೆಯ ಚೀಟಿ ಸ್ವತಂತ್ರ ಭಾರತದ ಮೊದಲನೆಯದು. ಚರಿತ್ರೆಯಲ್ಲಿ ದೊಡ್ಡದು, ಸಂತೆಯಲ್ಲಿ ಧಾರಾಳವಾಗಿ ಸಿಗುವಂಥದ್ದು. ಅದಕ್ಕೆ ಲಕ್ಷ ಕೇಳುವವರ ಜಾಹೀರಾತು ನೋಡಿ ಮರುಳಾಗಬೇಡಿ. ಇನ್ನೊಂದು ತುದಿಯಲ್ಲಿ 1948ರ ಗಾಂಧಿ ಚೀಟಿಯಿದೆ. ಗವರ್ನರ್ ಜನರಲ್ ಅವರ ಬಳಕೆಗೆಂದು ‘ಸರ್ವಿಸ್’ ಎಂದು ಮೇಲಚ್ಚು ಹಾಕಿದ 10 ರೂಪಾಯಿಯ ಪ್ರತಿಗಳು ಬರೀ 100. ಅವುಗಳಲ್ಲಿ ನಾಲ್ಕು ಒಟ್ಟಿಗಿರುವ ಪಟ್ಟಿ 2017ರಲ್ಲಿ 5 ಲಕ್ಷ ಪೌಂಡಿಗೆ, ಅಂದರೆ ಸುಮಾರು ನಾಲ್ಕು ಕೋಟಿ ರೂಪಾಯಿಗೆ, ಮಾರಾಟವಾಯಿತು. ಆ ಸುದ್ದಿ ಓದಿದವರೆಲ್ಲ ತಮ್ಮ ಬಳಿಯ ಗಾಂಧಿ ಚೀಟಿಯನ್ನು ಹುಡುಕಿದರು. ಮಾಮೂಲಿ ಗಾಂಧಿ ಚೀಟಿಯ ಮೇಲೆ ‘ಸರ್ವಿಸ್’ ಎಂದು ಖೋಟಾ ಅಚ್ಚು ಒತ್ತುವ ಕಸುಬು ಮೊದಲಿಂದಲೂ ಇದೆ. ಅಂಥದ್ದು ಕೈಗೆ ಸಿಕ್ಕರೆ ಪರಿಣತರ ಪ್ರಮಾಣಪತ್ರವಿಲ್ಲದೆ ಮಾರಾಟಕ್ಕಿಡುವುದು ಬೇಡ.

ವಿದೇಶಕ್ಕೆ ಮಾರುವವರು ಕಾನೂನನ್ನೂ ಸ್ವಲ್ಪ ನೋಡಿಕೊಳ್ಳಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಚಾರಿತ್ರಿಕ ಮೌಲ್ಯವಿರುವ, 75 ವರ್ಷ ದಾಟಿದ ದಾಖಲೆಗಳೂ ನೂರು ವರ್ಷ ದಾಟಿದ ಇತರ ಪ್ರಾಚ್ಯವಸ್ತುಗಳೂ ಅನುಮತಿಯಿಲ್ಲದೆ ದೇಶದಾಚೆ ಹೋಗುವಂತಿಲ್ಲ. ಸಂಸ್ಥಾನದ ಕಾಲದ ಪತ್ರಗಳು ಈ ಲೆಕ್ಕಕ್ಕೆ ಬರಬಹುದು. ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಕಚೇರಿಯನ್ನು ವಿಚಾರಿಸಿ, ಇಲ್ಲವೇ ದೇಶದೊಳಗೇ ಮಾರಿ. ಕಾನೂನಿನ ಜೊತೆಗೆ ಮರ್ಯಾದೆಯ ಮಾತೂ ಇದೆ: ಮಂಡಿಯ ಪತ್ರಗಳಲ್ಲಿ ಯಾರದೋ ಸಾಲ, ಯಾರದೋ ಮನೆಯ ಜಗಳ ಇರುತ್ತದೆ. ಲಕೋಟೆ ಮಾರಿ, ಒಳಗಿನ ಕಾಗದ ಮನೆಯಲ್ಲೇ ಇರಲಿ. ಕಾರ್ಡಿನಲ್ಲಿ ಬರಹವೂ ಬಯಲಿಗೇ ಇರುವುದರಿಂದ ಚಿತ್ರ ಹಾಕುವಾಗ ಆ ಸಾಲುಗಳನ್ನು ಮುಚ್ಚಿ, ಮುಚ್ಚಿದ್ದೇವೆಂದು ವಿವರದಲ್ಲಿ ಬರೆಯಿರಿ.

ಕಳಿಸುವಾಗ ಚೀಟಿಯನ್ನು ಎರಡು ಗಟ್ಟಿ ರಟ್ಟುಗಳ ನಡುವೆ ಪ್ಲಾಸ್ಟಿಕ್ ತೊಡಿಸಿ ಇಡಿ, ಅಂಟುಪಟ್ಟಿ ಚೀಟಿಯ ಹತ್ತಿರ ಸುಳಿಯಬಾರದು. ಸ್ಟಾಂಪು ವ್ಯಾಪಾರಿಗಳ ಹಳೆಯ ನೆಚ್ಚಿನ ರಿಜಿಸ್ಟರ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಹಾಗಾಗಿ ಖರ್ಚನ್ನು ಹೊಸದಾಗಿ ಲೆಕ್ಕ ಹಾಕಿ ಮೊದಲೇ ತಿಳಿಸಿ. ಇನ್ನೊಂದು ಕೋರಿಕೆ. ಕೌಂಟರಿನವರು ಒಪ್ಪಿದರೆ ಅಚ್ಚಾದ ಲೇಬಲ್ಲಿನ ಬದಲು ನಿಜವಾದ ಚೀಟಿಗಳನ್ನೇ ಹಚ್ಚಿ, ನಮ್ಮೂರ ಠಸ್ಸೆಯನ್ನು ಸ್ಪಷ್ಟವಾಗಿ ಬೀಳುವಂತೆ ಕೈಯಿಂದ ಒತ್ತಿಸಿ. ಸಂಗ್ರಾಹಕರು ಆ ಲಕೋಟೆಯನ್ನೂ ಬಿಸಾಡುವುದಿಲ್ಲ.